ಹತ್ತನೆಯ ಕಾಳು

ಆಗ ನನಗೆ ಅರವತ್ತೊಂದು. ಅದಾಗಿ ಎಂಟು ವರ್ಷವಾಯಿತು.

ಮೂಡಲಗಿಯ ನಮ್ಮ ಮನೆತನದಲ್ಲಿ ಬಿತ್ತುವ ಕಡಲೆಯ ಗಡಿಗೆ ಯಾವ ಸೊಸೆಯ ಕೈಯಲ್ಲಿರುತ್ತದೋ ಅವಳ ಮಾತು ನಡೆಯುತ್ತದೆ. ಬೀಜ ಕೆಡಿಸಿದರೆ ಗಡಿಗೆ ಇನ್ನೊಬ್ಬ ಸೊಸೆಗೆ. ಅತ್ತೆಯ ಕಾಲದಿಂದ ಹೀಗೇ. ಇಪ್ಪತ್ತು ವರ್ಷ ಅದು ನನ್ನ ಹತ್ತಿರ ಇತ್ತು. ಬಾಜೂ ಮನೆಯ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಇಪ್ಪತ್ತು ವರ್ಷವೂ ಅದರ ಮೇಲೆ ಕಣ್ಣಿಟ್ಟಿದ್ದಳು.

ಆ ಬೇಸಿಗೆ ತವರೂರು ಹುಕ್ಕೇರಿಯ ಸಂತೆಯಿಂದ ಒಂದು ಚೀಲ ಅಲಸಂದಿ ತಂದೆ. ಹುಳವೂ ಜೊತೆಗೇ ಬಂತು. ಚೀಲವನ್ನು ಕಡಲೆ ಗಡಿಗೆಯ ಪಕ್ಕದಲ್ಲೇ ಇಟ್ಟೆ. ಗಡಿಗೆಗೆ ಕಟ್ಟಿದ ಬಟ್ಟೆ ಸಡಿಲ, ಹುಳ ಹಿಡಿಯದಂತೆ ಕಾಳಿಗೆ ಬೂದಿ ಕಲಸಲು ನನಗೆ ಬೇಸರ. ನೆಗೆಣ್ಣಿ ನೋಡಿ, ಚೀಲ ಹೊರಗಿಡಿ ಎಂದಳು. ಅವಳು ಹೇಳಿದಳೆಂದೇ ನಾನು ಇಡಲಿಲ್ಲ.

"ಅಲಸಂದಿ ಹುಳ ಅಲಸಂದಿನ ತಿಂತೈತಿ. ಕಡಲಿ ಅದಕ ಸೇರಂಗಿಲ್ಲ," ಎಂದೆ.

ಮೊದಲು ನನ್ನ ಮಾತೇ ಖರೆಯಾಯಿತು. ಅಲಸಂದಿ ತೀರಿದ ಮೇಲೆ ಕಡಲೆಗೆ ಬಿಳಿ ಚುಕ್ಕಿಯಂಥ ಮೊಟ್ಟೆ ಅಂಟಿದ್ದವು. ಹತ್ತು ಕಾಳು ಒಡೆದು ನೋಡಿದೆ. ಮರಿಗಳು ಒಳಗೇ ಸತ್ತಿದ್ದವು. ಒಡೆದ ಕಾಳನ್ನು ತಟ್ಟೆಯಲ್ಲಿಟ್ಟು ಪ್ರಸಾದದ ಹಾಗೆ ನೆಗೆಣ್ಣಿಗೆ ಒಯ್ದು, ಹತ್ತು ಕಾಳು ಒಡೆದೆ ಎಂದು ತೋರಿಸಿದೆ. ಅವಳು ಎಣಿಸಿದಳು. ಒಂಬತ್ತಿದ್ದವು.

"ಹತ್ತನೇದು ಎಲ್ಲೈತ್ರಿ ಅಕ್ಕಾ?"

ಹತ್ತನೆಯದರಲ್ಲಿ ಮರಿ ಬದುಕಿತ್ತು. ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ.

ಹಿಂಗಾರಿ ಬಿತ್ತನೆಯ ಹೊತ್ತಿಗೆ ಗೋಕಾಕದಿಂದ ಅಳಿಯ ಬಂದ. ಸಾಲಿಯಲ್ಲಿ ವಿಜ್ಞಾನ ಕಲಿಸುವವನು. ಅವನ ಮುಂದೆ ಜಂಬದಿಂದ ಗಡಿಗೆ ಬಿಚ್ಚಿದೆ. ಕಾಳು ಕಾಳಿಗೂ ಗುಂಡು ತೂತು. ಹುಳಗಳು ಒಂದರ ಮೇಲೊಂದು ಏರಿ ಸಂಸಾರ ನಡೆಸಿದ್ದವು. ನೆಗೆಣ್ಣಿ ಬೇಕೆಂದೇ ಅಲ್ಲಿ ಬಂದು ನಿಂತಿದ್ದಳು.

ಅಳಿಯ ಪಾಠ ಶುರು ಮಾಡಿದ. ಆ ಹತ್ತನೆಯದರಂಥವೇ ಬದುಕಿ ಮೊಟ್ಟೆ ಇಟ್ಟವಂತೆ. ಅವುಗಳ ಮರಿಗಳಿಗೆ ಕಡಲೆ ಒಗ್ಗಿತಂತೆ, ಆ ಮರಿಗಳ ಮರಿಗಳಿಗೆ ಇನ್ನೂ ಒಗ್ಗಿತಂತೆ. ಕಾಳಿನಿಂದ ಹೊರಬಿದ್ದ ಹುಳ ಏನೂ ತಿನ್ನುವುದಿಲ್ಲವಂತೆ. ಜೋಡಿ ಹುಡುಕುತ್ತದೆ, ಮೊಟ್ಟೆ ಅಂಟಿಸುತ್ತದೆ, ಸಾಯುತ್ತದೆ.

"ಉಣ್ಣಾಕ ಸೈತ ಪುರುಸೊತ್ತಿಲ್ಲೇನಪಾ ಅವಕ್ಕ?" ಎಂದು ಕೇಳಿದೆ. ಅಳಿಯ ತಲೆ ತಗ್ಗಿಸಿ ಗಡಿಗೆಯನ್ನೇ ನೋಡತೊಡಗಿದ.

ನೆಗೆಣ್ಣಿ ನಗಲಿಲ್ಲ. ನಕ್ಕಿದ್ದರೆ ಒಂದಿಷ್ಟು ಬೈಯಬಹುದಿತ್ತು.

"ಹುಕ್ಕೇರಿಯಿಂದ ಬಂದ ಹುಳ ಅಲ್ಲೇನ್ರಿ ಅಕ್ಕಾ? ನಿಮಗೂ ಹೊಸದಾಗಿ ಬಂದಾಗ ಈ ಮನಿ ರೊಟ್ಟಿ ಸೇರತಿರಲಿಲ್ಲಂತ, ಅತ್ತಿ ಹೇಳತಿದ್ರು. ಈಗ ನೋಡ್ರಿ."

ನಾನು ನನ್ನ ಹೊಟ್ಟೆ ನೋಡಿಕೊಂಡೆ.

ಮರುದಿನ ಬೆಳಿಗ್ಗೆ ತೂತುಗಾಳನ್ನು ಎಮ್ಮೆಗೆ ಹಾಕಿದೆ. ಗಡಿಗೆಯನ್ನು ಒಲೆಯ ಮೇಲೆ ಬೋರಲು ಇಟ್ಟು ಒಂದು ಹುಳವೂ ಉಳಿಯದಂತೆ ಕಾಯಿಸಿದೆ. ಆರಿದ ಮೇಲೆ ತಲೆಯ ಮೇಲೆ ಹೊತ್ತು ನೆಗೆಣ್ಣಿಯ ಕಟ್ಟೆಯ ಮೇಲೆ ಇಳಿಸಿದೆ. ಅವಳು ನನಗೆ ಗೊತ್ತಾಗದ ಹಾಗೆ ಒಂದಿಷ್ಟು ಕಡಲೆಗೆ ಬೂದಿ ಕಲಸಿ ಇಟ್ಟುಕೊಂಡಿದ್ದಳು, ಅದು ನನಗೆ ಗೊತ್ತಿತ್ತು. ಅದರಲ್ಲಿ ಬಿತ್ತಲು ಬೀಜ ಕೇಳಿದೆ.