ತಿಕೋಟಾದ ಹೊಸ್ತಿಲು, ಸಮದಸಾಹೇಬರ ಜಾಯಿಂಟು

ವಿಜಯಪುರ ಸೀಮೆಯಲ್ಲಿ ದೂರವಾಣಿಯ ತಂತಿ ಎಳೆದವರು, ಅಂತರ್ಜಾಲದ ವೈರು ಎಳೆದವರು ಬಹಳ ಮಂದಿ ಇದ್ದಾರೆ. ಆದರೆ ತಾವು ಎಳೆದ ವೈರಿನ ಹೊಣೆಯನ್ನು ಮೂವತ್ತಾರು ವರ್ಷ ಬಿಡದೆ ಹೊತ್ತವರೆಂದರೆ, ನಿಸ್ಸಂಕೋಚವಾಗಿ ಹೇಳುತ್ತೇನೆ, ಶ್ರೀ ಅಬ್ದುಲಸಮದ ಇನಾಮದಾರರೊಬ್ಬರೇ. ಈ ಮಾತಿಗೆ ಯಾರಾದರೂ ತಕರಾರು ತೆಗೆದರೆ ನಾನು ಜಗಳಕ್ಕೂ ಸಿದ್ಧ.

ಬಬಲೇಶ್ವರದ ದೂರವಾಣಿ ಕಂಬಗಳನ್ನು ಹತ್ತುತ್ತ ಸೇವೆ ಆರಂಭಿಸಿದ ಅವರು, ಸೊಲ್ಲಾಪುರ ರಸ್ತೆಯ ನಮ್ಮ ಅಂತರ್ಜಾಲ ಸೇವಾ ಕೇಂದ್ರದ ಮೇಲ್ವಿಚಾರಕರಾಗಿ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ನಾನು, ಚೇತನಕುಮಾರ, ಹನ್ನೊಂದು ವರ್ಷ ಅವರ ಕೈಕೆಳಗೆ ದುಡಿದವನು. ನನ್ನ ಮದುವೆಯ ದಿನ ನನ್ನ ಪಾಲಿನ ದೂರುಗಳನ್ನೆಲ್ಲ ತಾವೇ ಮುಗಿಸಿ, ಪಂಕ್ತಿ ಎದ್ದ ಮೇಲೆ ಬೆವರಿನ ಅಂಗಿಯಲ್ಲೇ ಬಂದು ಹರಸಿದವರು ಅವರು. ಆದರೆ ಇಲ್ಲಿ ಹೇಳಲೇಬೇಕಾದದ್ದು ಹೋದ ವರ್ಷದ ಶ್ರಾವಣದ ಸಂಗತಿ.

ತಿಕೋಟಾದ ಶೈಲಶ್ರೀ ಸಂಜ್ಞಾಭಾಷೆಯ ದುಭಾಷಿ. ಕಿವಿ ಕೇಳದ ರೋಗಿ ಆಸ್ಪತ್ರೆಯಲ್ಲಿ ವೈದ್ಯರೆದುರು ಕೂತರೆ, ಈಕೆ ಮನೆಯಿಂದಲೇ ವಿಡಿಯೋದಲ್ಲಿ ಕೈಸನ್ನೆ ಮಾಡಿ ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುತ್ತಾಳೆ. ದನಿ ತುಂಡುತುಂಡಾಗಿ ಬಂದರೆ ಊಹಿಸಿಕೊಳ್ಳಬಹುದು. ಕೈಯೇ ನಡುವೆ ನಿಂತುಬಿಟ್ಟರೆ, ಮಾತ್ರೆ ಒಂದೋ ಎರಡೋ ಯಾರು ಹೇಳಬೇಕು? ಬೆಳಗಿನ ಹೊತ್ತು ಅವಳ ಚಿತ್ರ ಹಾಗೆಯೇ ನಿಲ್ಲುತ್ತಿತ್ತು. ಶುಕ್ರವಾರ ಹನ್ನೊಂದಕ್ಕೆ ಕೊನೆಯ ಪರೀಕ್ಷೆ, ಅಷ್ಟರಲ್ಲಿ ಸರಿಯಾಗದಿದ್ದರೆ ಕೆಲಸವಿಲ್ಲ ಎಂದು ಅವಳ ಸಂಸ್ಥೆ ತಿಳಿಸಿಬಿಟ್ಟಿತ್ತು.

ಮೊದಲು ಹೋದವನು ನಾನು. ರೂಟರ್ ಬದಲಿಸಿದೆ, ವೈರಿನ ಎರಡೂ ತುದಿಯ ಪಿನ್ನು ಬದಲಿಸಿದೆ, ಮಧ್ಯಾಹ್ನ ಪರೀಕ್ಷಿಸಿ ಎಲ್ಲ ಸರಿಯೆಂದು ಎದೆ ತಟ್ಟಿಕೊಂಡು ಬಂದೆ. ಮರುದಿನ ಬೆಳಿಗ್ಗೆ ಮತ್ತೆ ಅದೇ ದೂರು. ಸಮದಸಾಹೇಬರು ಬೈಯಲಿಲ್ಲ. “ಅದು ಸರಿ ಆಗಿಲ್ಲೋ ಚೇತನ, ಸುಮ್ಮನಾಗೇತಿ ಅಷ್ಟ,” ಎಂದವರು ಶುಕ್ರವಾರ ಬೆಳಿಗ್ಗೆ ಏಳಕ್ಕೇ ನನ್ನನ್ನು ಕರೆದುಕೊಂಡು ಹೊರಟರು.

ಯಾವುದನ್ನೂ ಮುಟ್ಟದೆ ಮೊದಲು ಕೂತು ನೋಡುವುದು ಅವರ ಪದ್ಧತಿ. ಆ ತಾಳ್ಮೆ ನನಗೆ ಇನ್ನೂ ಬಂದಿಲ್ಲ. ಅಂತರ್ಜಾಲದಲ್ಲಿ ಚಿತ್ರವೂ ಮಾತೂ ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ ಸಾಗುತ್ತವೆ. ಪಡಸಾಲೆಯ ರೂಟರಿಗೂ ಒಳಕೋಣೆಯ ಕಂಪ್ಯೂಟರಿಗೂ ನಡುವೆ ನೂರು ಪ್ಯಾಕೆಟ್ಟು ಕಳಿಸಿದೆವು, ನೂರೂ ತಲುಪಿದವು. ಎಂಟಕ್ಕೆ ಶೈಲಶ್ರೀಯ ಅಜ್ಜಿ ಮುರಿಗೆವ್ವನವರು ಚರಿಗೆಯಿಂದ ನೀರು ಹಾಕಿ ನಡುವಿನ ಹೊಸ್ತಿಲು ತೊಳೆದು ಅರಿಶಿಣ ಹಚ್ಚಿದರು. ಸ್ವಲ್ಪ ಹೊತ್ತಿನಲ್ಲೇ ನೂರರಲ್ಲಿ ಹದಿನೆಂಟು ಕಾಣೆ! ಕಂಪ್ಯೂಟರನ್ನು ರೂಟರಿನ ಪಕ್ಕಕ್ಕೇ ತಂದು ಗಿಡ್ಡ ವೈರು ಚುಚ್ಚಿದರೆ ಒಂದೂ ಕಾಣೆಯಾಗಲಿಲ್ಲ. ಅಂದರೆ ದೋಷವಿದ್ದದ್ದು ಹೊಸ್ತಿಲು ದಾಟುವ ಉದ್ದ ವೈರಿನಲ್ಲೇ.

ಸಾಹೇಬರ ಮುಖ ಸಣ್ಣದಾಯಿತು. ಆರು ವರ್ಷದ ಹಿಂದೆ, ಹೊಸ್ತಿಲಿಗೆ ಮೊಳೆ ಹೊಡೆಯಬಾರದೆಂಬ ಅಜ್ಜಿಯ ಮಾತಿಗೆ ಮನ್ನಣೆ ಕೊಟ್ಟು ಅದರ ಬದಿಯ ಸಂದಿಯಲ್ಲಿ ವೈರು ಹಾಯಿಸಿದವರು ಅವರೇ. ಎರಡು ಮೊಳ ಕಡಿಮೆ ಬಿದ್ದಾಗ ಅಲ್ಲಿಯೇ ಜೋಡಿಸಿ ಟೇಪು ಸುತ್ತಿದವರೂ ಅವರೇ. ಈಗ ಎಳೆದು ನೋಡಿದರೆ ಟೇಪು ಬಿಟ್ಟಿತ್ತು, ತಾಮ್ರ ಹಸಿರುಗಟ್ಟಿತ್ತು. ಬೆಳಿಗ್ಗೆ ನೆನೆದ ಜಾಯಿಂಟು ಮಧ್ಯಾಹ್ನ ಆರುತ್ತಿತ್ತು.

ಅಜ್ಜಿ ಗಾಬರಿಯಾದರು. “ಯಪ್ಪಾ, ನನ್ನ ನೀರಿಗೆ ನನ್ನ ಮೊಮ್ಮಗಳ ಕೆಲಸಾ ಹೋಗ್ತೈತೇನ್ರಿ? ನಾಳಿಂದ ತೊಳಿಯೂದಿಲ್ಲ ಬಿಡ್ರಿ.”

ಹೌದೆನ್ನಲು ನಾನು ಬಾಯಿ ತೆರೆದೇಬಿಟ್ಟಿದ್ದೆ. ಗಿರಾಕಿಯ ತಪ್ಪು ಸಿಕ್ಕರೆ ನಮ್ಮವರಿಗೆ ಹಬ್ಬ. ಸಾಹೇಬರು ಕೈಯೆತ್ತಿ ತಡೆದರು.

“ಹೊಸ್ತಿಲಾ ತೊಳಿಯೂದು ನಿಮ್ಮ ಪದ್ಧತಿ ಅವ್ವಾರ. ನೀರ ಬಿದ್ರೂ ಕೆಡದಂಗ ವೈರ್ ಹಾಕೂದು ನನ್ನ ಕೆಲಸ. ಜಾಯಿಂಟ್ ನಂದು, ತಪ್ಪೂ ನಂದು.”

ಕೈಕೆಳಗಿನವನ ಎದುರು, ಗಿರಾಕಿಯ ಎದುರು, ನಿವೃತ್ತಿಗೆ ವರ್ಷವಿರುವಾಗ! ಹೆಮ್ಮೆಯಿಂದ ನನ್ನ ಕಣ್ಣು ತುಂಬಿಬಂತು.

ಹಳೆಯದನ್ನು ಕಿತ್ತು, ಎಲ್ಲಿಯೂ ಜೋಡಿಸದ ಒಂದೇ ವೈರನ್ನು ಕೊಳವೆಯೊಳಗಿಟ್ಟು ಅದೇ ಸಂದಿಯಲ್ಲಿ ಹಾಯಿಸಿದರು. ಗಂಟೆ ಹತ್ತೂವರೆ, ನೂರಕ್ಕೆ ನೂರು. ನಾನು ಚೀಲ ಎತ್ತಿಕೊಂಡೆ, ಅವರು ಏಳಲಿಲ್ಲ.

“ಅವ್ವಾರ, ಇನ್ನೊಂದ ಚರಿಗಿ ನೀರ ಹಾಕ್ರಿ.”

ಅಜ್ಜಿ ಹೆದರುತ್ತ ಹಾಕಿದರು. “ಮತ್ತೊಂದು,” ಎಂದರು ಸಾಹೇಬರು. ಹೊಸ್ತಿಲು ತೊಯ್ದು ತೊಪ್ಪೆಯಾಯಿತು, ಪಡಸಾಲೆಗೆಲ್ಲ ನೀರು. ನೂರಕ್ಕೆ ನೂರೇ! ಹನ್ನೊಂದಕ್ಕೆ ಶೈಲಶ್ರೀಯ ಕೈ ಒಮ್ಮೆಯೂ ನಿಲ್ಲಲಿಲ್ಲ, ಈಗ ಅವಳ ಕೆಲಸ ಖಾಯಂ ಆಗಿದೆ.

ಸಾಹೇಬರೇ, ನಿಮ್ಮ ನಿವೃತ್ತಿಯ ಈ ಅಭಿನಂದನ ಸಂಪುಟಕ್ಕೆ ಏನು ಬರೆಯಲೆಂದು ನಿಮ್ಮನ್ನೇ ಕೇಳಿದಾಗ, “ತಿಕೋಟಾದ್ದ ಬರಿಯೋ, ನನ್ನ ತಪ್ಪ ಮಾತ್ರ ಬಿಡಬ್ಯಾಡ,” ಎಂದಿರಿ. ಬಿಟ್ಟಿಲ್ಲ. ನಿಮಗೆ ನೂರಕ್ಕೆ ನೂರು ವರ್ಷ ಆಯುಷ್ಯವಿರಲಿ. ತೊರವಿಯ ನಿಮ್ಮ ಮನೆಯ ಕಟ್ಟೆಯ ಮೇಲೆ ಕೂತಾದರೂ ನಮ್ಮ ಜಾಯಿಂಟುಗಳನ್ನು ಪರೀಕ್ಷಿಸುತ್ತಿರಿ. ಇಂದು ಬೆಳಿಗ್ಗೆ ತಿಕೋಟಾಕ್ಕೆ ಫೋನು ಮಾಡಿದ್ದೆ. ಮುರಿಗೆವ್ವಜ್ಜಿ ಹೊಸ್ತಿಲು ತೊಳೆಯುತ್ತಿದ್ದರು.