ಗಿರಿಜಾಳ ಲೆಕ್ಕ ಸರಿಯಾಗಿತ್ತು

ಕಡಬದ ಯೋಗೀಶನ ಕಾರಿನ ಎಂಜಿನ್ ಸುಟ್ಟಿದ್ದು ನನ್ನ ತಂಗಿ ಗಿರಿಜಾಳಿಂದ ಅಲ್ಲ, ನನ್ನಿಂದ. ಕೈತಪ್ಪಿ ಆದದ್ದಲ್ಲ — ಗೊತ್ತಿದ್ದೇ ಮಾಡಿದೆ. ಆಮೇಲೆ ಆ ತಪ್ಪನ್ನು ಅವಳ ತಲೆಗೆ ಕಟ್ಟಿದೆ. ಅವಳೂ ನಂಬಿದಳು. ಇಷ್ಟು ವರ್ಷ ನಂಬಿಕೊಂಡೇ ಬದುಕಿದಳು.

ತುಮಕೂರಿನ ಮರಳೂರಿನಲ್ಲಿ ನಮ್ಮಪ್ಪನದೊಂದು ಕಾರ್ ಗ್ಯಾರೇಜಿತ್ತು. ಹತ್ತನೇ ಕ್ಲಾಸಿನ ನಂತರ ನಾನು ಅಲ್ಲೇ ಸೇರಿಕೊಂಡೆ. ಕಾರ್ಬುರೇಟರ್ ಬಿಚ್ಚಿ ತೊಳೆಯುವುದು, ಎಂಜಿನ್ನಿನ ಸದ್ದು ಕೇಳಿ ಸ್ಕ್ರೂ ತಿರುಗಿಸುವುದು — ಎಲ್ಲ ಅಪ್ಪನಿಂದ ಕಲಿತದ್ದು. ಆದರೆ ಅಪ್ಪ ಒಂದು ದಿನವೂ ನನ್ನ ಕೆಲಸ ಚೆನ್ನಾಗಿದೆ ಅಂದವನಲ್ಲ. ಅವನ ಸ್ವಭಾವವೇ ಹಾಗೆ ಎಂದುಕೊಂಡು ಸುಮ್ಮನಿದ್ದೆ.

ಗಿರಿಜಾ ಹಟ ಹಿಡಿದು ಆಟೊಮೊಬೈಲ್ ಡಿಪ್ಲೊಮಾ ಓದಿದಳು. ಓದು ಮುಗಿಸಿ ಗ್ಯಾರೇಜಿಗೆ ಬರತೊಡಗಿದಾಗ ಎರಡು ಸಾವಿರದ ಇಸವಿ ಕಳೆದಿತ್ತು, ಕಾರ್ಬುರೇಟರಿನ ಕಾಲ ಮುಗಿಯುತ್ತಿತ್ತು. ಹೊಸ ಕಾರುಗಳಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ಪೆಟ್ರೋಲ್ ಎಷ್ಟು, ಕಿಡಿ ಯಾವಾಗ ಎಂಬುದನ್ನು ಅಂಕಿಗಳಲ್ಲಿ ತಿದ್ದುವುದು ಅವಳಿಗೆ ಬರುತ್ತಿತ್ತು. ನನಗೂ ಅಲ್ಪಸ್ವಲ್ಪ ಹೇಳಿಕೊಟ್ಟಳು. ಆಮೇಲೆ ಫೋನ್ ಮಾಡಿದವರೆಲ್ಲ, "ಗಿರಿಜಾ ಮೇಡಂ ಇದಾರಾ?" ಎಂದೇ ಕೇಳುವಂತಾಯಿತು. ಫೋನ್ ಎತ್ತುತ್ತಿದ್ದವನು ನಾನು.

ಯೋಗೀಶನಿಗೆ ಕಡಬದಲ್ಲಿ ತೆಂಗಿನ ತೋಟ, ತಲೆ ತುಂಬ ಕಾರಿನ ಹುಚ್ಚು. ಅವನು ತಂದ ಹಳೆಯ ಕಾರಿನಂಥ ಎಂಜಿನ್ ನಮ್ಮ ಗ್ಯಾರೇಜಿಗೆ ಅದುವರೆಗೆ ಬಂದಿರಲಿಲ್ಲ. ನಿಧಾನಕ್ಕೆ ಓಡುವಾಗ ಅದರ ವಾಲ್ವುಗಳು ಸ್ವಲ್ಪವೇ ಏಳುತ್ತಿದ್ದವು. ಎಂಜಿನ್ನಿನ ವೇಗ ಒಂದು ಹಂತ ದಾಟಿದ ಕೂಡಲೇ ಅವೇ ವಾಲ್ವುಗಳು ಹೆಚ್ಚು ಎತ್ತರಕ್ಕೆ ಎದ್ದು ಜಾಸ್ತಿ ಗಾಳಿ ಒಳಗೆ ಬಿಡುತ್ತಿದ್ದವು. ಹಿಂದಿನ ಮಾಲೀಕ ಎಂಜಿನ್ ನಡೆಸುವ ಕಂಪ್ಯೂಟರನ್ನೇ ಬದಲಾಯಿಸಿ ಕೆಡಿಸಿದ್ದ. ಆ ಹಂತ ಬಂತೆಂದರೆ ಕಾರು ಮುಗ್ಗರಿಸುತ್ತಿತ್ತು, ಆಮೇಲೆ ಎಗರುತ್ತಿತ್ತು. ನಾನು ಪ್ಲಗ್ಗು, ಫಿಲ್ಟರು, ಆಯಿಲ್ಲು ಎಲ್ಲ ಬದಲಾಯಿಸಿದೆ. ಕಾರು ಸರಿಹೋಗಲಿಲ್ಲ.

ಕೊನೆಗೆ ಗುಬ್ಬಿ ರಸ್ತೆಯಲ್ಲಿ ನಾನು ಓಡಿಸಿದೆ, ಗಿರಿಜಾ ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಳು. ಹಿಂದೆ ಅಪ್ಪ.

"ಅಣ್ಣ, ಇನ್ನೊಂದ್ ಸಲ ಒತ್ತು... ಹಾಂ, ಇಲ್ಲೇ. ವಾಲ್ವ್ ಮೇಲೆದ್ದಾಗ ಗಾಳಿ ಜಾಸ್ತಿ ಹೋಗ್ತಿದೆ, ಪೆಟ್ರೋಲ್ ಮಾತ್ರ ಮೊದ್ಲಿನಷ್ಟೇ ಇದೆ. ಕಿಡಿನೂ ಬೇಗ ಹತ್ಕೋತಿದೆ."

ಆ ಹಂತದ ಆಚೀಚೆ ಪೆಟ್ರೋಲ್ ಸ್ವಲ್ಪ ಏರಿಸಿದಳು, ಕಿಡಿಯನ್ನು ತುಸು ತಡಮಾಡಿದಳು, ವಾಲ್ವು ಎತ್ತರಕ್ಕೇಳುವ ಆ ಹಂತವನ್ನೇ ಕೊಂಚ ಕೆಳಗಿಳಿಸಿದಳು. ಮತ್ತೆ ಒತ್ತಿದೆ. ಕಾರು ಮುಗ್ಗರಿಸಲಿಲ್ಲ. ಸದ್ದು ಗಡುಸಾಯಿತು, ಅಷ್ಟೇ — ಒಂದೇ ಸಮ ಎಳೆದುಕೊಂಡು ಹೋಯಿತು. ಅಂಥ ಎಳೆತವನ್ನು ನಾನು ಯಾವ ಕಾರಿನಲ್ಲೂ ಕಂಡಿರಲಿಲ್ಲ.

ಅಪ್ಪ ಹಿಂದಿನಿಂದ ಜೋರಾಗಿ ನಕ್ಕ. "ಏನ್ ಕಿವಿ ಕಣವ್ವಾ ನಿಂದು! ನನ್ ಕಿವಿ ನಿಂಗೇ ಬಂದದೆ ನೋಡು."

ನಾನು ರಸ್ತೆ ನೋಡುತ್ತಿದ್ದೆ. ನನ್ನ ಕಿವಿ? ಅದು ಯಾರದು ಹಾಗಾದರೆ? — ಆ ಕ್ಷಣ ಹೊಟ್ಟೆಯೊಳಗೆ ಎದ್ದ ಉರಿಗೆ ಬೇರೆ ಹೆಸರು ಕೊಡಲಾರೆ. ನನ್ನ ತಂಗಿ ಪಕ್ಕದಲ್ಲಿ ಮಗುವಿನ ಹಾಗೆ ನಗುತ್ತಿದ್ದಳು. ಅವಳ ನಗು ನನಗೆ ಸಹಿಸಲಾಗಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಗ್ಯಾರೇಜಿಗೆ ಹೋಗಿ ಆ ಕಾರಿಗೆ ಲ್ಯಾಪ್‌ಟಾಪ್ ಸಿಕ್ಕಿಸಿದೆ. ವಾಲ್ವು ಎತ್ತರಕ್ಕೆದ್ದ ನಂತರದ ಭಾಗದಲ್ಲಿ ಕಿಡಿಯನ್ನು ಬೇಗ ಮಾಡಿದೆ, ಪೆಟ್ರೋಲ್ ಇಳಿಸಿದೆ. ಎಂಜಿನ್ ಟಕಟಕ ಬಡಿದುಕೊಳ್ಳುತ್ತದೆ, ಯೋಗೀಶ ವಾಪಸ್ ತರುತ್ತಾನೆ, ಅಪ್ಪನ ಮುಂದೆ ನಾನು ಸರಿಮಾಡುತ್ತೇನೆ — ಹೀಗೆಂದುಕೊಂಡಿದ್ದೆ. ಇನ್ನೂ ಕೆಟ್ಟದ್ದಾಗಬಹುದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

ಹಿಂದಿನ ಸಂಜೆ ಒಂದು ಸುತ್ತು ಓಡಿಸಿ ನೋಡಿ ಹೋಗಿದ್ದ ಯೋಗೀಶ ಅಂದು ಬಂದು ಕಾರು ತೆಗೆದುಕೊಂಡು ಕುಣಿಗಲ್ ಕಡೆ ಹೊರಟ. ದಾರಿಯಲ್ಲಿ ಲಾರಿಯೊಂದನ್ನು ಹಿಂದೆ ಹಾಕುವಾಗ ಪೂರ್ತಿ ಒತ್ತಿದ್ದಾನೆ. ಎಂಜಿನ್ ಬಡಿದುಕೊಂಡು, ಪಿಸ್ಟನ್ ತೂತಾಗಿ, ರಸ್ತೆ ಮಧ್ಯದಲ್ಲೇ ಎಳೆತ ನಿಂತಿದೆ. ಎದುರಿನಿಂದ ಬಸ್ಸು. ಅವನು ಬದುಕಿದ್ದು ಲಾರಿಯವನು ಬ್ರೇಕ್ ಹಾಕಿ ಜಾಗ ಬಿಟ್ಟದ್ದರಿಂದ. ಕಾರನ್ನು ಗ್ಯಾರೇಜಿಗೆ ಎಳೆಸಿಕೊಂಡು ಬಂದವನು ಮೊದಲು ಕುಡಿಯಲು ನೀರು ಕೇಳಿದ.

ಆಗಲಾದರೂ ಬಾಯಿ ಬಿಡಬಹುದಿತ್ತು. ಬದಲಿಗೆ — ಇದನ್ನು ಬರೆಯುವುದೇ ಎಲ್ಲಕ್ಕಿಂತ ಕಷ್ಟ — ಅಪ್ಪ ಅವನಿಗೆ ನೀರು ಕೊಡುತ್ತಿದ್ದಾಗ, ಗಿರಿಜಾ ಮನೆಯಿಂದ ಬರುವ ಮೊದಲು, ಮತ್ತೆ ಲ್ಯಾಪ್‌ಟಾಪ್ ಸಿಕ್ಕಿಸಿ ಅದರಲ್ಲಿ ಉಳಿದಿದ್ದ ಅವಳ ಅಂಕಿಗಳನ್ನೇ ವಾಪಸ್ ಹಾಕಿಬಿಟ್ಟೆ. ಹಾಗಾಗಿ ಅವಳು ಬಂದು ತೆರೆದಾಗ ಕಂಡದ್ದು ಅವಳದೇ ಲೆಕ್ಕ. ಇಲ್ಲದ ತಪ್ಪನ್ನು ಸಂಜೆಯವರೆಗೆ ಅದರಲ್ಲಿ ಹುಡುಕಿದಳು. ನಾನು ಪಕ್ಕದಲ್ಲಿ ನಿಂತು, ಪರದೆಯ ಮೇಲೆ ಬೆರಳಿಟ್ಟು, ತೀರಾ ಮೆಲ್ಲಗೆ ಹೇಳಿದೆ:

"ಇಲ್ಲಿ ಕಿಡಿ ಒಂಚೂರು ಬೇಗ ಆಯ್ತೇನೋ ಗಿರಿಜಾ."

ಅವಳು ಆ ಅಂಕಿಯನ್ನೇ ಮತ್ತೆ ಲೆಕ್ಕ ಹಾಕಿದಳು. "ಇರ್ಬೋದು ಅಣ್ಣ. ನಾನೇ ಎಲ್ಲೋ ಎಡವಿದೀನಿ."

"ಸಾಕು ಬುಡವ್ವ," ಅಂದ ಅಪ್ಪ. "ಮನುಷ್ಯನ ಜೀವನೇ ಹೋಗ್ತಿತ್ತು. ಇನ್ಮೇಲೆ ಆ ಲ್ಯಾಪ್‌ಟಾಪ್ ಮುಟ್ಬೇಡ."

ಅವಳು ಮುಟ್ಟಲಿಲ್ಲ. ಗ್ಯಾರೇಜಿಗೆ ಬರುವುದನ್ನೂ ಬಿಟ್ಟಳು. ಮಾರ್ಕೋನಹಳ್ಳಿ ಡ್ಯಾಮಿನಲ್ಲಿ ಕೆಲಸವಿದ್ದ ಹುಡುಗನ ಜೊತೆ ಮದುವೆಯಾಯಿತು. ಕುಣಿಗಲ್ಲಿನಲ್ಲಿ ಮನೆ ಮಾಡಿ ಮಕ್ಕಳಿಗೆ ಟ್ಯೂಷನ್ ಹೇಳಿಕೊಂಡಿದ್ದಾಳೆ. ಅಪ್ಪ ಕೊನೆಯವರೆಗೂ ಅವಳ ಕಿವಿಯ ಮಾತು ಮತ್ತೆ ಎತ್ತಲಿಲ್ಲ. ನನ್ನ ಕಿವಿಯ ಮಾತನ್ನೂ ಆಡಲಿಲ್ಲ. ನಾನು ಗೆದ್ದದ್ದು ಏನು ಅಂತ —

ಅಪ್ಪ ತೀರಿಕೊಂಡ ಮೇಲೆ, ಹೋದ ವರ್ಷ, ಅವಳ ಮನೆಗೆ ಹೋಗಿದ್ದೆ. ಭಾವ ಕಾರು ಸ್ಟಾರ್ಟ್ ಮಾಡಿ, "ಏನೋ ಸದ್ದು ಬರ್ತಿದೆಯಲ್ಲ, ಏನಿದು?" ಎಂದರು. ಗಿರಿಜಾ ಕತ್ತು ಒಂದಿಷ್ಟು ಓರೆ ಮಾಡಿದಳು. ಅವಳಿಗೆ ಗೊತ್ತಾಯಿತು — ಅವಳ ಮುಖದಲ್ಲೇ ಕಂಡಿತು. ತಕ್ಷಣ ಕತ್ತು ನೇರ ಮಾಡಿಕೊಂಡು, "ನಂಗೇನ್ರೀ ಗೊತ್ತಾಗುತ್ತೆ? ಅಣ್ಣನ್ನ ಕೇಳಿ," ಅಂದಳು.

ಭಾವ ಹೊರಟ ಮೇಲೆ ಅಲ್ಲೇ ಅಂಗಳದಲ್ಲಿ ನಿಂತು ಎಲ್ಲ ಹೇಳಿದೆ. ಯಾಕೆ ಮಾಡಿದೆ ಎಂದು ಅವಳು ಕೇಳಲಿಲ್ಲ.

"ಹಂಗಾದ್ರೆ ನಾನು ಸರಿಯಾಗೇ ಮಾಡಿದ್ನಾ?"

"ಸರಿಯಾಗೇ ಮಾಡಿದ್ದೆ."

"ಅಪ್ಪ ಇದ್ದಾಗ ಯಾಕ್ ಹೇಳ್ಲಿಲ್ಲ?"

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂದಿನಿಂದ ನನ್ನ ಫೋನ್ ಎತ್ತುತ್ತಿಲ್ಲ. ಎತ್ತಬೇಕೆಂದು ಕೇಳುವ ಹಕ್ಕೂ ನನಗಿಲ್ಲ.

ಮೊನ್ನೆ ಕಡಬಕ್ಕೆ ಹೋಗಿ ಯೋಗೀಶನಿಗೂ ಹೇಳಿದೆ. ಬೈಯುತ್ತಾನೆ, ಹೊಡೆದರೂ ಹೊಡೆಯಲಿ ಎಂದುಕೊಂಡೇ ಹೋಗಿದ್ದೆ. ಅವನು ಎರಡನ್ನೂ ಮಾಡಲಿಲ್ಲ. ಹೇಳಿದ್ದಿಷ್ಟು: "ಹಿಂದಿನ ದಿನ ನಿನ್ ತಂಗಿ ಸರಿ ಮಾಡಿದ್ಮೇಲೆ ಒಂದ್ ರೌಂಡ್ ಹೋಗ್ಬಂದಿದ್ದೆ. ಆಮೇಲೆ ಎಷ್ಟೋ ಕಾರು ಇಟ್ಕೊಂಡೆ, ಎಷ್ಟೋ ಜನರ ಕೈಲಿ ಮಾಡಿಸ್ದೆ. ಆ ಓಟ ಮತ್ತೆ ಸಿಗ್ಲಿಲ್ಲ. ಅಂಥ ಕೈನ ಹಾಳ್ ಮಾಡ್ಬಿಟ್ಟೆಯಲ್ಲೋ."

ಪಶ್ಚಾತ್ತಾಪದಿಂದಲೇ ಅಲ್ಲಿಗೆ ಹೋದವನು ನಾನು. ಆದರೂ ಆ ಹೊಗಳಿಕೆ ಕಿವಿಗೆ ಬಿದ್ದಾಗ ಹೊಟ್ಟೆಯೊಳಗೆ ಒಂದು ಕ್ಷಣ — ಒಂದೇ ಕ್ಷಣ — ಚುರ್ ಎಂದಿತು. ಈ ವಯಸ್ಸಿನಲ್ಲಿ, ಇಷ್ಟೆಲ್ಲ ಆದ ಮೇಲೂ.

ನಾಳೆ ಕುಣಿಗಲ್ಲಿಗೆ ಹೋಗುತ್ತೇನೆ. ಅವಳು ಬಾಗಿಲು ತೆರೆಯದಿದ್ದರೆ ಹೊರಗೆ ನಿಂತೇ ಯೋಗೀಶ ಆಡಿದ ಮಾತನ್ನು ಹೇಳುತ್ತೇನೆ, ಒಂದಕ್ಷರವನ್ನೂ ಉಳಿಸಿಕೊಳ್ಳದೆ.