ಖಾದರ್ ಸಾಬ್ರು ಕಡೆದ ಬಿರಡೆ

ಖಾದರ್ ಸಾಬ್ರು ಮೊದಲು ಮಾತಾಡಿಸುತ್ತಿದ್ದದ್ದು ಸೈಕಲ್ಲನ್ನು, ಆಮೇಲೆ ಅದನ್ನು ತಂದವರನ್ನು. ಅಂಗಡಿ ಮುಂದೆ ನಿಲ್ಲಿಸಿದರೆ ಸಾಕು, ಮುಂದಿನ ಗಾಲಿ ಎತ್ತಿ ಒಂದು ಸಲ ತಿರುಗಿಸಿ, ಕಣ್ಣು ಮುಚ್ಚಿ, ಕಿವಿಯನ್ನು ಹತ್ತಿರ ತಂದು ಕೂತುಬಿಡುತ್ತಿದ್ದರು. ಗಾಲಿ ನಿಲ್ಲುವವರೆಗೂ ನಾವು ಬಾಯಿ ಬಿಡುವಂತಿರಲಿಲ್ಲ. ನಿಂತ ಮೇಲೆ, "ಹೂಂ, ಇದು ಚೆನ್ನಾಗೈತೆ. ನೀವೆಂಗಿದ್ದೀರಿ ಟೀಚರಮ್ಮ?"

ಚನ್ನಪಟ್ಟಣದ ಅವರ ಅಂಗಡಿಯಲ್ಲಿ ಒಂದು ಗೋಡೆಗೆ ಬೊಂಬೆ ಕಡೆಯುವ ಲೇತು, ಇನ್ನೊಂದು ಗೋಡೆಗೆ ಸೈಕಲ್ ರಿಪೇರಿ. ನಲವತ್ತು ವರ್ಷ ಮಕ್ಕಳ ಗಿಲಕಿ ಕಡೆದ ಕೈ ಅದು. ಆದರೆ ಸೈಕಲ್ಲಿನ ವಿಷಯಕ್ಕೆ ಬಂದರೆ ಸದ್ದು ಅಂದರೆ ಆಗುತ್ತಿರಲಿಲ್ಲ. "ಗಾಲಿ ತನ್ ಪಾಡಿಗೆ ತಾನು ತಿರುಗ್ಬೇಕು. ಸದ್ದು ಮಾಡ್ತು ಅಂದ್ರೆ ಅದಕ್ಕೆಲ್ಲೋ ನೋವೈತೆ ಅಂತ. ಅಂಥ ಸೈಕಲ್ ನನ್ ಅಂಗಡಿಯಿಂದ ಆಚೆ ಹೋಗಾಕಿಲ್ಲ" ಎನ್ನುತ್ತಿದ್ದರು.

ನಾನು ಇಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಟೀಚರು. ನಲವತ್ತರ ಹತ್ತಿರ ಬಂದಾಗ ಟ್ರಯಾಥ್ಲಾನ್ ಹುಚ್ಚು ಹಿಡಿಯಿತು. ಕೆರೆಯಲ್ಲಿ ಈಜು, ಎದ್ದು ಬಂದರೆ ಸೈಕಲ್ಲು, ಇಳಿದರೆ ಓಟ. ದೊಡ್ಡಮಳೂರಿನ ನಮ್ಮತ್ತೆ ಎಲ್ಲ ಕೇಳಿಸಿಕೊಂಡು, "ಅಲ್ಲ ಕಣವ್ವ, ಯಾರು ನಿನ್ನ ಅಟ್ಟಿಸ್ಕೊಂಡು ಬರೋರು?" ಎಂದಿದ್ದರು. ಮೊದಲ ವರ್ಷ ಸೈಕಲ್ಲಿಗೆ ಕೊಟ್ಟ ಸಮಯ ಮೀರಿತೆಂದು ಓಟಕ್ಕೆ ಬಿಡದೆ ನನ್ನನ್ನು ಪಕ್ಕಕ್ಕೆ ನಿಲ್ಲಿಸಿದರು. ನಾಲ್ಕೇ ನಿಮಿಷ! ಮಕ್ಕಳಿಗೆ ಮುಖ ತೋರಿಸಲಾಗದೆ ಎರಡು ದಿನ ರಜೆ ಹಾಕಿದೆ. ಇನ್ನೊಂದೇ ಸಲ, ಮುಗಿಸಲಾಗದಿದ್ದರೆ ಈ ಸಹವಾಸವೇ ಬೇಡ ಎಂದುಕೊಂಡು ಹಗುರವಾದ ಕಾರ್ಬನ್ ಗಾಲಿಗಳನ್ನೂ, ಮೊಣಕೈ ಊರಿ ಬಗ್ಗಿ ತುಳಿಯಲು ಕೊಂಬಿನಂಥ ಉದ್ದ ಹ್ಯಾಂಡಲ್ಲನ್ನೂ ತರಿಸಿದೆ.

ಸಾಬ್ರು ಗಾಲಿಯನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದರು. "ಯಾ ಅಲ್ಲಾ! ಇದು ಗಾಲಿನಾ, ಹಪ್ಪಳನಾ?" ಹಳೆಯ ಬ್ರೇಕ್ ರಬ್ಬರೇ ಇರಲಿ, ಚೆನ್ನಾಗಿದೆ ಎಂದೆ ನಾನು. ಅವರು ಸೂಜಿಯಿಂದ ರಬ್ಬರನ್ನು ಕೆದಕಿ, ಹಳೆ ಗಾಲಿಯ ಅಲ್ಯೂಮಿನಿಯಂ ಚೂರೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. "ಇದು ಹೊಸ ಗಾಲಿ ಮೈಯೆಲ್ಲಾ ಕೆರೀತದೆ. ಡಬ್ಬದಾಗೆ ಹೊಸ ರಬ್ಬರ್ ಯಾಕೆ ಇಟ್ಟವ್ರೆ ಅಂತ ಒಸಿ ಯೋಚ್ನೆ ಮಾಡ್ಬಾರ್ದಾ? ಲೆಕ್ಕದ ಟೀಚರ್ ಬೇರೆ!" ಬೈಸಿಕೊಂಡು ಡಬ್ಬದ ಹೊಸ ರಬ್ಬರನ್ನೇ ತೆಗೆದುಕೊಟ್ಟೆ.

ಸ್ಪರ್ಧೆಯ ಹಿಂದಿನ ಮಧ್ಯಾಹ್ನ ಸೈಕಲ್ ತರಲು ಹೋಗಿ ನೋಡಿದರೆ, ಹೊಸ ಕೊಂಬುಗಳ ತುದಿಗೆ ಮುಚ್ಚುವ ಬಿರಡೆಗಳೇ ಡಬ್ಬದಲ್ಲಿ ಬಂದಿರಲಿಲ್ಲ. ಬಿದ್ದರೆ ಮೈಗೆ ಚುಚ್ಚುತ್ತದೆಂದು, ಪೈಪಿನ ಬಾಯಿ ತೆರೆದಿರುವ ಸೈಕಲ್ಲನ್ನು ತಪಾಸಣೆಯಲ್ಲೇ ವಾಪಸು ಕಳಿಸುತ್ತಾರೆ. "ಸಾಬ್ರೇ, ಟೇಪಾದರೂ ಸುತ್ತಿಬಿಡಿ" ಎಂದೆ.

"ನನ್ ಅಂಗಡೀಲಿ ಟೇಪಾ? ಸುಮ್ಕೆ ಕೂತ್ಕಳಿ."

ಕಿರುಬೆರಳನ್ನು ಪೈಪಿಗೆ ತೂರಿಸಿ ಅಳತೆ ತೆಗೆದುಕೊಂಡರು. ಹಾಲೆಮರದ ತುಂಡನ್ನು ಲೇತಿಗೆ ಕೊಟ್ಟರು. ಭಾರವಾಗಬಾರದು ಎಂದು ನಾನು ಗೋಗರೆದದ್ದಕ್ಕೆ ಒಳಗೆಲ್ಲ ಕೊರೆದು ಟೊಳ್ಳು ಮಾಡಿದರು. ಮಗಳ ಮದುವೆಯಲ್ಲಿ ಬಿರಿಯಾನಿ ಸಾಲದೆ ಹೋದ ಕತೆ ಹೇಳುತ್ತಲೇ ಅದನ್ನು ಮುಚ್ಚಿ, ಕೆಂಪು ಅರಗು ಹಿಡಿದು, ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸಿದರು. ಕತೆ ಮುಗಿಯುವಷ್ಟರಲ್ಲಿ ಎರಡೂ ಕೊಂಬಿಗೆ ಬಿರಡೆ ಕೂತಿತ್ತು.

ಬೆಳಿಗ್ಗೆ ಸೈಕಲ್ಲನ್ನು ಕಾರಿನಲ್ಲಿ ಹಾಕಿಕೊಂಡು ಹೋಗುವಾಗ ಏನೋ ಸದ್ದು ಕೇಳಿತು. ನಮ್ಮ ಹಳೇ ಕಾರಿನಲ್ಲಿ ಸದ್ದು ಮಾಡದ ಭಾಗವೇ ಇಲ್ಲ, ಹಾಗಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ತಪಾಸಣೆಯವರು ಬಿರಡೆಯನ್ನು ಒತ್ತಿ ನೋಡಿ, ನಕ್ಕು ಒಳಗೆ ಬಿಟ್ಟರು. ಈಜು ಮುಗಿಸಿ ಸೈಕಲ್ ಹತ್ತಿದೆ. ರಸ್ತೆಯ ಮೊದಲ ಉಬ್ಬಿಗೆ ಗಲಗಲ! ಏನೋ ಸಡಿಲವಾಗಿದೆ, ಇಳಿದು ನೋಡಿದರೆ ನಿಮಿಷಗಳು ಹೋದವು, ನೋಡದಿದ್ದರೆ ಬಿದ್ದೆ. ಬಗ್ಗಿ ಕೊಂಬಿನ ಹತ್ತಿರ ಕಿವಿ ತಂದೆ. ಅಯ್ಯೋ ದೇವರೇ, ಗಿಲಕಿ! ಒಬ್ಬಳೇ ಹೋ ಎಂದು ನಕ್ಕೆ. ಮುಂದಿದ್ದವರು ತಿರುಗಿ ನೋಡಿ ದಾರಿ ಬಿಟ್ಟರು. ವಾಪಸು ಬರುವಾಗ ಎದುರುಗಾಳಿಗೆ ಕಾಲು ಸೋತು, ಸಾಕಪ್ಪಾ ಎನ್ನಿಸಿದಾಗಲೆಲ್ಲ ರಸ್ತೆಯ ಗುಂಡಿಯೊಂದು ಸಿಕ್ಕಿ ಅದು ಗಲಗಲ ಎನ್ನುತ್ತಿತ್ತು. ಅಳುವ ಮಗುವನ್ನು ರಮಿಸಿದ ಹಾಗೆ. ಆರು ನಿಮಿಷ ಉಳಿದಿರುವಾಗಲೇ ಸೈಕಲ್ಲಿನಿಂದ ಇಳಿದೆ. ಕುಂಟುತ್ತ ಓಡಿ ಗುರಿ ಮುಟ್ಟಿ, ನಾಚಿಕೆಯಿಲ್ಲದೆ ಅತ್ತೆ.

ಮರುದಿನ ಹೇಳಿದಾಗ ಸಾಬ್ರು ಕೆನ್ನೆ ಕೆನ್ನೆ ಬಡಿದುಕೊಂಡರು. "ತೋಬಾ ತೋಬಾ! ಟೊಳ್ಳು ಕಂಡ್ರೆ ಈ ಕೈ ಸುಮ್ಕಿರಾಕಿಲ್ಲ ಟೀಚರಮ್ಮ, ಕಾಳು ಹಾಕ್ಬುಟ್ಟೈತೆ. ಸದ್ದು ಮಾಡೋ ಸೈಕಲ್ ಕಳಿಸ್ಬುಟ್ನಲ್ಲ! ಕೊಡಿ ಇಲ್ಲಿ, ಬೇರೆ ಮಾಡ್ತೀನಿ."

"ಮುಟ್ಟಿದರೆ ನೋಡಿ!" ಎಂದು ಸೈಕಲ್ ಹತ್ತಿ ಓಟ ಕಿತ್ತೆ. ಆಮೇಲೆ ಹೋದಾಗಲೆಲ್ಲ ಅದೇ ಜಗಳ. "ನನ್ ಮಾನ ಹೋಗ್ತೈತೆ, ಕೊಡಿ" ಎಂದು ಅವರು, ಕೊಡುವುದಿಲ್ಲ ಎಂದು ನಾನು.

ಹೋದ ರಂಜಾನ್ ಕಳೆದ ಮೇಲೆ ಸಾಬ್ರು ಹೋಗಿಬಿಟ್ಟರು. ಈಗ ರಾಮನಗರದ ಬೇರೊಂದು ಅಂಗಡಿಗೆ ಹೋಗುತ್ತೇನೆ. ಅಲ್ಲಿನ ಮೆಕ್ಯಾನಿಕ್ ಒಳ್ಳೆಯವನೇ, ಮೊದಲು ನನ್ನನ್ನು ಮಾತಾಡಿಸುತ್ತಾನೆ, ಆಮೇಲೆ ಸೈಕಲ್ಲನ್ನು. ಮೊನ್ನೆ ಹ್ಯಾಂಡಲ್ ಅಲ್ಲಾಡಿಸಿ ನೋಡಿ, "ಮೇಡಂ, ಮುಂದೆ ಏನೋ ಸದ್ದು ಬತ್ತೈತೆ. ಬಿಚ್ಚಿ ಸರಿ ಮಾಡ್ಲಾ?" ಎಂದ.

ಕೆಂಪು ಬಿರಡೆಯ ಮೇಲೆ ಕೈಯಿಟ್ಟೆ.

"ಬೇಡಪ್ಪ," ಎಂದೆ. "ಅದು ಸರಿಯಾಗೇ ಇದೆ."